ಕ್ರಿಸ್‌ಮಸ್ಸಿಗೆ ಮಕ್ಕಳ ಫ್ರಾಕು, ಕೇಕು, ಕರ್ಜಿಕಾಯಿ ಎಲ್ಲವನ್ನೂ ಮನೆಯಲ್ಲೇ ಮಾಡುವುದಾದರೆ ಯಾವುದನ್ನು ಮೊದಲು ಹಿಡಿಯಬೇಕು?

ಕೇಶ್ವಾಪುರ_ಗೃಹಿಣಿ

ಎಲ್ಲರಿಗೂ ವಂದನೆಗಳು. ನಮ್ಮದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿಗೆ ಸೇರಿದ ಕುಟುಂಬ. ಇದುವರೆಗೆ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿನ ಹೊಸ ಬಟ್ಟೆಯನ್ನಾಗಲಿ ತಿಂಡಿಯನ್ನಾಗಲಿ ಅಂಗಡಿಯಿಂದ ಸಿದ್ಧವಾಗಿ ತಂದದ್ದಿಲ್ಲ. ಮೊಮ್ಮಕ್ಕಳ ಫ್ರಾಕು, ಮೇಜಿನ ಹಾಸು, ಕೇಕು, ಕರ್ಜಿಕಾಯಿ, ಚಕ್ಕುಲಿ ಎಲ್ಲವೂ ಅತ್ತೆಯವರ ಕೈಯಿಂದಲೇ ಆಗುತ್ತಿದ್ದವು. ಈ ವರ್ಷ ಮೊಣಕಾಲು ನೋವಿನಿಂದಾಗಿ ಅವರಿಗೆ ಹೊಲಿಗೆ ಯಂತ್ರ ತುಳಿಯಲು ಆಗುತ್ತಿಲ್ಲ, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲೂ ಆಗುತ್ತಿಲ್ಲ. ಕೈ ಮಾತ್ರ ಮೊದಲಿನಷ್ಟೇ ಚುರುಕಾಗಿದೆ. ಕುಳಿತಲ್ಲಿಯೇ ಗುಂಡಿ, ಕಾಜಾ, ಹೆಮ್ಮಿಂಗ್ ಮಾಡುತ್ತಾರೆ, ನನಗೆ ಹೇಳಿಯೂ ಕೊಡುತ್ತಾರೆ. ಈ ಪದ್ಧತಿ ನಿಲ್ಲಬಾರದೆಂಬುದು ನನ್ನ ಆಸೆ. ಆದರೆ ನಾನು ಹೊರಗೆ ಕೆಲಸಕ್ಕೆ ಹೋಗುವವಳಾದ್ದರಿಂದ ನನಗೆ ಸಿಗುವುದು ಸಂಜೆಗಳು ಮತ್ತು ವಾರದ ಕೊನೆ ಮಾತ್ರ.

ನನ್ನ ಸಂದೇಹಗಳು ಇವು. ಹೊಲಿಗೆ ಮತ್ತು ತಿಂಡಿ ಎರಡನ್ನೂ ಹೇಗೆ ಹೊಂದಿಸಿಕೊಳ್ಳಬೇಕು? ಆರು ಮತ್ತು ಒಂಬತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಬಗೆಯ ಫ್ರಾಕು ಹೊಲಿಯಬೇಕೆಂದಿದ್ದೇನೆ, ಅದು ಒಂದೇ ವರ್ಷಕ್ಕೆ ಗಿಡ್ಡವಾಗದಂತೆ ಮಾಡುವ ದಾರಿ ಯಾವುದು? ಮನೆಯಲ್ಲಿ ಓವನ್ ಇಲ್ಲ. ಕೇಕಿನ ಹಿಟ್ಟನ್ನು ಬೇಕರಿಗೆ ಒಯ್ದು ಬೇಯಿಸಿಕೊಂಡು ಬರುವುದು ಒಳ್ಳೆಯದೋ, ಕುಕ್ಕರಿನಲ್ಲಿ ಮಾಡುವುದೋ? ನಾವು ರಮ್ ಬಳಸುವುದಿಲ್ಲ, ಹಾಗಿದ್ದಾಗ ಒಣಹಣ್ಣುಗಳನ್ನು ನವೆಂಬರಿನಲ್ಲೇ ನೆನೆಹಾಕಬೇಕೇ? ಕೊನೆಯದಾಗಿ, ನಮ್ಮ ಓಣಿಯಲ್ಲಿ ಲಿಂಗಾಯತರ ಮತ್ತು ಜೈನರ ಮನೆಗಳಿವೆ. ದೀಪಾವಳಿಗೆ ಅವರ ಮನೆಯ ಫರಾಳ ನಮಗೆ ತಪ್ಪದೆ ಬರುತ್ತದೆ. ಅವರಿಗೆ ಕಳಿಸುವ ತಾಟಿನಲ್ಲಿ ಏನಿರಬೇಕು?

ಬೆಟಗೇರಿ_ಹಿರಿಯಳು

ಪ್ರಿಯ ಸೋದರಿ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಅವರು ಕುಳಿತು ಹೇಳಿಕೊಡುವಷ್ಟು ಗಟ್ಟಿಯಾಗಿದ್ದಾರೆಂದರೆ ನಿಮ್ಮ ಅರ್ಧ ಕೆಲಸ ಆದಂತೆಯೇ.

ಹೊಲಿಗೆ ಪೂರ್ತಿ ಮುಗಿದು ಬಟ್ಟೆ ಇಸ್ತ್ರಿಯಾಗಿ ಟ್ರಂಕಿಗೆ ಸೇರಿದ ಮೇಲೆಯೇ ಹಿಟ್ಟು ಕಲಸಬೇಕು ಎಂಬುದು ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದುಬಂದ ನಿಯಮ, ಅದನ್ನೇ ನಿಮಗೂ ಹೇಳುತ್ತೇನೆ. ಹೊಲಿಗೆಯನ್ನು ಯಾವಾಗ ಬೇಕಾದರೂ ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು, ಬಾಣಲೆಯಲ್ಲಿ ಎಣ್ಣೆ ಕಾದ ಮೇಲೆ ಏಳುವಂತಿಲ್ಲ. ಹೊಲಿದ ಬಟ್ಟೆ ತಿಂಗಳು ಮೊದಲೇ ಸಿದ್ಧವಾದರೂ ಕೆಡುವುದಿಲ್ಲ, ಕರಿದ ತಿಂಡಿಗೆ ಅದರದೇ ಆದ ಅವಧಿ ಇದೆ. ಎರಡನ್ನೂ ಒಟ್ಟಿಗೆ ಹಚ್ಚಿಕೊಂಡ ಮನೆಯಲ್ಲಿ ತುಪ್ಪದ ಕೈ ಸ್ಯಾಟಿನ್ ಬಟ್ಟೆಗೆ ತಗಲಿ, ಆ ಕಲೆ ಹೋಗದೆ ಹೊಸ ತುಂಡು ತರಬೇಕಾಗುತ್ತದೆ.

ಕ್ರಿಸ್‌ಮಸ್ಸಿಗೆ ಸಿದ್ಧರಾಗುವ ಅಡ್ವೆಂಟ್ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅದಕ್ಕಿಂತ ಮೊದಲೇ ಬಟ್ಟೆ ತಂದು, ನೆನೆಹಾಕಿ ಒಣಗಿಸಿ, ಕತ್ತರಿಸಿ ಇಡಿರಿ. ಎರಡನೆಯ ಭಾನುವಾರದ ಹೊತ್ತಿಗೆ ಯಂತ್ರದ ಹೊಲಿಗೆ ಮುಗಿಯಬೇಕು, ಏಕೆಂದರೆ ಆಮೇಲೆ ಕ್ಯಾರಲ್ ತಂಡದವರು ಮನೆಮನೆಗೆ ಬರಲು ಆರಂಭಿಸುತ್ತಾರೆ, ಮಕ್ಕಳಿಗೆ ಸಂಡೇ ಸ್ಕೂಲಿನ ನಾಟಕದ ತಾಲೀಮು ಇರುತ್ತದೆ, ನಿಮ್ಮ ಸಂಜೆಗಳು ನಿಮ್ಮವಾಗಿ ಉಳಿಯುವುದಿಲ್ಲ. ಗುಂಡಿ, ಕಾಜಾ, ಹೆಮ್ಮಿಂಗ್ ಅತ್ತೆಯವರಿಗೆ ಬಿಡಿರಿ. ಮೂರನೆಯ ವಾರದಿಂದ ತಿಂಡಿಗೆ ಕೈ ಹಾಕಿರಿ.

ತಿಂಡಿಯಲ್ಲಿಯೂ ಒಂದು ಸರದಿ ಇದೆ. ಚಕ್ಕುಲಿ, ಶಂಕರಪೋಳಿ ಮೊದಲು, ಏಕೆಂದರೆ ಗಾಳಿಯಾಡದ ಡಬ್ಬಿಯಲ್ಲಿ ಅವು ಬಹಳ ದಿನ ಉಳಿಯುತ್ತವೆ. ನಂತರ ಕರ್ಜಿಕಾಯಿ, ರವೆ ಉಂಡಿ. ಮೊಟ್ಟೆ ಹಾಕಿದ ಹಿಟ್ಟಿನಲ್ಲಿ ಅಚ್ಚು ಅದ್ದಿ ಕರಿಯುವ ರೋಸ್ ಕುಕ್ಕಿ ಮಾಡುವುದಿದ್ದರೆ ಅದು ಎಲ್ಲಕ್ಕಿಂತ ಕೊನೆಗೆ ಇರಲಿ. ನೆರೆಯವರಿಗೆ ಕಳಿಸುವ ತಿಂಡಿಯನ್ನು ಹೊಸ ಎಣ್ಣೆಯಲ್ಲಿ ಮೊದಲೇ ಕರಿದು, ಬೇರೆ ಡಬ್ಬಿಗೆ ತುಂಬಿ ಮುಚ್ಚಿಟ್ಟುಬಿಟ್ಟರೆ ಮುಂದೆ ಯಾವ ಸಂಶಯಕ್ಕೂ ಎಡೆ ಇರುವುದಿಲ್ಲ. ಕೇಕನ್ನು ನಾವು ಹಬ್ಬಕ್ಕೆ ಎರಡು ದಿನ ಇರುವಾಗ ಮಾಡುತ್ತೇವೆ.

ಕರ್ಜಿಕಾಯಿಯ ಹೂರಣಕ್ಕೆ ಹಸಿ ತೆಂಗಿನಕಾಯಿ ಬಳಸಬೇಡಿರಿ, ಬೇಗ ಹಳಸುತ್ತದೆ. ಒಣ ಕೊಬ್ಬರಿಯ ತುರಿಯನ್ನು ಬಣ್ಣ ತಿರುಗದಂತೆ ಹದವಾಗಿ ಹುರಿದು, ಪುಟಾಣಿ ಹಿಟ್ಟು, ಹುರಿದ ಗಸಗಸೆ, ಏಲಕ್ಕಿ, ಪುಡಿ ಸಕ್ಕರೆ ಬೆರೆಸಿರಿ. ಮೇಲಿನ ಕಣಕಕ್ಕೆ ಚಿರೋಟಿ ರವೆಗೆ ಸ್ವಲ್ಪ ಮೈದಾ ಸೇರಿಸಿ, ಕಾಯಿಸಿದ ತುಪ್ಪ ಹಾಕಿ, ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ತುಂಬುವಾಗ ಒಳಗೆ ಗಾಳಿ ಉಳಿದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಒಂದು ಬಾಯಿ ಬಿಟ್ಟರೂ ಹೂರಣವೆಲ್ಲ ಎಣ್ಣೆಗೆ ಸೇರಿ ಸುಟ್ಟು, ಮುಂದಿನ ಕರ್ಜಿಕಾಯಿಗಳ ಮೈಯೆಲ್ಲ ಕಪ್ಪು ಚುಕ್ಕೆಯಾಗುತ್ತದೆ. ಆದ್ದರಿಂದ ಅಂಚು ಒತ್ತುವ ಕೆಲಸವನ್ನು ಪಳಗಿದ ಕೈಗೆ ಕೊಡಬೇಕು, ನಿಮ್ಮಲ್ಲಿ ಆ ಕೈ ಮನೆಯಲ್ಲೇ ಇದೆ. ಅವರು ಕುರ್ಚಿಯಲ್ಲಿ ಕುಳಿತು ತುಂಬಿ ಒತ್ತಲಿ, ನೀವು ಲಟ್ಟಿಸಿ ಕರಿಯಿರಿ.

ಇನ್ನೊಂದು ಮಾತು. ಮಂಗಳೂರಿನ ಕಡೆಯ ಕೊಂಕಣಿ ಕ್ಯಾಥೋಲಿಕರ ಮನೆಗಳ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಾಟನ್ನು ನೋಡಿ, ನಮ್ಮಲ್ಲಿ ಅಷ್ಟು ಬಗೆ ಇಲ್ಲವಲ್ಲ ಎಂದು ಕೆಲವು ಎಳೆಯರು ಬೇಸರಪಡುತ್ತಾರೆ. ಬೇಸರಕ್ಕೆ ಕಾರಣವೇ ಇಲ್ಲ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ನಮ್ಮ ಬೆಟಗೇರಿಯಲ್ಲಿ ನೆಲೆ ಮಾಡಿದರು. ಅವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದುಬರಹದ ಜೊತೆಗೆ ಹೊಲಿಗೆಯ ಪಾಠವೂ ಇತ್ತು. ನಮ್ಮ ಅಡುಗೆಮನೆಗಳು ಮಾತ್ರ ಈ ಸೀಮೆಯವಾಗಿಯೇ ಉಳಿದವು. ಹೀಗಾಗಿ ನಮ್ಮ ಹಬ್ಬದ ತಾಟಿನಲ್ಲಿ ಕೇಕಿನ ಪಕ್ಕದಲ್ಲಿ ಶೇಂಗಾ ಉಂಡಿ ಇರುತ್ತದೆ, ಅದು ಇರಲೇಬೇಕು ಎಂದು ನಾನು ಬಯಸುತ್ತೇನೆ.

ಧಾರವಾಡ_ಹೊಲಿಗೆ

ನಾನು ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಮತ್ತು ಕಸೂತಿ ಹೇಳಿಕೊಡುತ್ತೇನೆ. ಅಡುಗೆಯ ವಿಷಯವನ್ನು ಬಲ್ಲವರಿಗೆ ಬಿಟ್ಟು ಫ್ರಾಕಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲಿಗೆ ಯಂತ್ರದ ಮಾತು. ಕಾಲಿನಿಂದ ತುಳಿಯುವ ಹಳೆಯ ಯಂತ್ರಕ್ಕೂ ಚಿಕ್ಕ ಮೋಟಾರು ಕೂಡಿಸಬಹುದು, ಹೊಲಿಗೆ ಯಂತ್ರ ರಿಪೇರಿ ಮಾಡುವವರು ಕೂಡಿಸಿಕೊಡುತ್ತಾರೆ. ಆಗ ಪಾದದ ತುದಿಯಿಂದ ಪೆಡಲ್ ಒತ್ತಿದರೆ ಸಾಕು, ಮೊಣಕಾಲು ಆಡಿಸಬೇಕಾಗಿಲ್ಲ. ನಿಮ್ಮ ಅತ್ತೆಯವರು ಒಪ್ಪಿದರೆ ನೇರ ಹೊಲಿಗೆಗಳನ್ನಾದರೂ ಅವರೇ ಹಾಕಬಹುದು. ಇಷ್ಟು ವರ್ಷ ಮನೆಮಂದಿಗೆಲ್ಲ ಹೊಲಿದವರನ್ನು ಗುಂಡಿ ಹಚ್ಚುವ ಕೆಲಸಕ್ಕಷ್ಟೇ ಕೂರಿಸಬಾರದು ಎಂಬುದು ನನ್ನ ಭಾವನೆ.

ಬಟ್ಟೆಯ ಅಗಲ 36 ಇಂಚು ಇದ್ದರೆ ಆರು ವರ್ಷದ ಮಗುವಿಗೆ ಸುಮಾರು 2 ಮೀಟರ್, ಒಂಬತ್ತು ವರ್ಷದ ಮಗುವಿಗೆ ಸುಮಾರು 2.5 ಮೀಟರ್ ಬೇಕಾಗುತ್ತದೆ. ಅಗಲ 44 ಇಂಚು ಇದ್ದರೆ ಇದಕ್ಕಿಂತ ಕಡಿಮೆ ಸಾಕು. ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಾಕಬೇಕು. ಕೆಂಪು ಬಟ್ಟೆ ಆರಿಸಿದರೆ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿರಿ: ಒದ್ದೆ ಮಾಡಿದ ಬಿಳಿ ಚಿಂದಿಯನ್ನು ಅದರ ಮೂಲೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿದರೆ ತಿಳಿದುಹೋಗುತ್ತದೆ. ಬಿಳಿ ಲೇಸು ಹಚ್ಚುವವರಿಗೆ ಈ ಪರೀಕ್ಷೆ ಬಹಳ ಅಗತ್ಯ.

ನಮ್ಮ ಭಾಗದ ಮಕ್ಕಳಿಗೆ ಕ್ರಿಸ್‌ಮಸ್ ಫ್ರಾಕು ಎಂದರೆ ಸ್ಯಾಟಿನ್ ಅಥವಾ ವೆಲ್ವೆಟ್ ಎಂಬ ರೂಢಿಯಿದೆ. ಆ ಎರಡನ್ನೂ ಹೊಸಬರು ಹೊಲಿಯುವುದು ಕಷ್ಟ. ಸ್ಯಾಟಿನ್ನಿನ ಅಂಚು ಎಳೆ ಬಿಡುತ್ತದೆ, ದಪ್ಪ ಸೂಜಿ ಹೋದಲ್ಲೆಲ್ಲ ಗುರುತು ಉಳಿಯುತ್ತದೆ, ಅದಕ್ಕೆ 11ನೇ ನಂಬರಿನ ಸೂಜಿ ಬೇಕು. ವೆಲ್ವೆಟ್ಟಿನ ರೋಮಕ್ಕೆ ದಿಕ್ಕು ಇರುವುದರಿಂದ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸದಿದ್ದರೆ ಒಂದೇ ಫ್ರಾಕಿನಲ್ಲಿ ಎರಡು ಬಣ್ಣ ಕಾಣುತ್ತದೆ. ನನ್ನ ಸಲಹೆಯೇನೆಂದರೆ, ಮೇಲಿನ ಎದೆಭಾಗಕ್ಕೆ ಗುಳೇದಗುಡ್ಡದ ಖಣವನ್ನೂ (ರವಿಕೆಗೆ ಬಳಸುವ ಕೈಮಗ್ಗದ ಬಟ್ಟೆ) ಕೆಳಗಿನ ಘೇರಿಗೆ ಅದೇ ಬಣ್ಣದ ಸಾದಾ ಹತ್ತಿ ಬಟ್ಟೆಯನ್ನೂ ಬಳಸಿರಿ. ಖಣದ ಅಗಲ ಕಡಿಮೆಯಾದರೂ ಮಕ್ಕಳ ಎದೆಭಾಗಕ್ಕೆ ಧಾರಾಳವಾಗಿ ಸಾಲುತ್ತದೆ. ಒಳಮೈ ಮಗುವಿನ ಚರ್ಮಕ್ಕೆ ಒರಟೆನಿಸದಂತೆ ಮೆತ್ತನೆಯ ಹತ್ತಿಯ ಅಸ್ತರು ಹಾಕಿರಿ. ಹತ್ತಿಗೆ 14ನೇ ನಂಬರಿನ ಸೂಜಿ ಸಾಕು. ಹಬ್ಬದ ಬಟ್ಟೆ ಹಬ್ಬಕ್ಕೆ ತಕ್ಕಂತೆ ಮಿನುಗುತ್ತದೆ, ಆಮೇಲೆ ವರ್ಷವಿಡೀ ತೊಡಲೂ ಬರುತ್ತದೆ.

ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಮೂರು ಕಡೆ ಬಟ್ಟೆ ಉಳಿಸಬೇಕು. ಎರಡೂ ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಮಾರ್ಜಿನ್ ಒಳಗೆ ಬಿಡಿರಿ. ಕೆಳಗಿನ ಮಡಿಕೆಯನ್ನು 3 ಇಂಚು ಅಗಲ ಇಟ್ಟು ಕೈಹೊಲಿಗೆಯಲ್ಲೇ ಹೆಮ್ಮಿಂಗ್ ಮಾಡಿಸಿರಿ, ಬಿಚ್ಚುವಾಗ ಸುಲಭ. ಅದರ ಮೇಲ್ಗಡೆ ಸುತ್ತಲೂ ಒಂದು ಇಂಚಿನ ಎರಡು ಅಡ್ಡ ಟಕ್ (ಬಟ್ಟೆಯನ್ನು ಮಡಿಸಿ ಹೊಲಿದ ಪಟ್ಟಿ) ಹಿಡಿಯಿರಿ. ನೋಡುವವರಿಗೆ ಅದು ಅಲಂಕಾರ, ನಿಮಗೆ ಮಾತ್ರ ಗೊತ್ತಿರುವ ಉಳಿತಾಯ. ಒಂದೊಂದು ಟಕ್ ಬಿಚ್ಚಿದರೂ ಉದ್ದ 2 ಇಂಚು ಹೆಚ್ಚುತ್ತದೆ. ಬಿಚ್ಚಿದ ಮೇಲೆ ಹಳೆಯ ಹೊಲಿಗೆಯ ಗೆರೆ ಕಾಣುತ್ತದೆಯಾದ್ದರಿಂದ, ಈಗ ಹಚ್ಚುವ ಲೇಸನ್ನೇ ಅರ್ಧ ಮೀಟರಿನಷ್ಟು ಅಲ್ಲ, ಪೂರ್ತಿ ಘೇರಿಗೆ ಎರಡು ಸುತ್ತು ಬರುವಷ್ಟು ಹೆಚ್ಚಿಗೆ ತಂದಿಟ್ಟುಕೊಂಡಿದ್ದರೆ ಮುಂದಿನ ವರ್ಷ ಆ ಗೆರೆಯ ಮೇಲೆ ಕೂರಿಸಬಹುದು. ಮರುವರ್ಷ ಅದೇ ಲೇಸು ಅಂಗಡಿಯಲ್ಲಿ ಸಿಗುವ ಭರವಸೆ ಇರುವುದಿಲ್ಲ.

ನಿರಿಗೆಗೆ ಸೊಂಟದ ಸುತ್ತಳತೆಯ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಸಾಕು. ಉದ್ದ ಹೊಲಿಗೆ ಇಟ್ಟು, ಮೇಲಿನ ದಾರದ ಬಿಗಿ ಸಡಿಲಿಸಿ, ಅಕ್ಕಪಕ್ಕ ಎರಡು ಸಾಲು ಹಾಕಿ, ಕೆಳಗಿನ ಬಾಬಿನ್ ದಾರವನ್ನು ಮೆಲ್ಲಗೆ ಎಳೆದರೆ ನಿರಿಗೆ ಸಮನಾಗಿ ಕೂಡುತ್ತದೆ. ಮೇಜಿನ ಹಾಸಿನ ವಿಷಯಕ್ಕೆ ಬಂದರೆ, ಅಂಗಡಿಯ ಹೊಳೆಯುವ ಪಟ್ಟಿ ಹಚ್ಚುವುದಕ್ಕಿಂತ ಮೂಲೆಗೊಂದು ಕಸೂತಿಯ ನಕ್ಷತ್ರ ಹಾಕಿಸಿರಿ.

ಹಳೇಹುಬ್ಬಳ್ಳಿ_ಮನೆಕೇಕು

ಕೇಕಿನ ಬಗ್ಗೆ ಹಿರಿಯರ ಮಾತಿಗೆ ಒಂದು ಚಿಕ್ಕ ತಿದ್ದುಪಡಿ ಸೂಚಿಸಲು ಅವರ ಅನುಮತಿ ಬೇಡುತ್ತೇನೆ. ಸಾದಾ ಸ್ಪಂಜು ಕೇಕನ್ನು ಎರಡು ದಿನ ಮೊದಲು ಮಾಡುವುದು ಸರಿ. ಒಣಹಣ್ಣು ತುಂಬಿದ ಪ್ಲಮ್ ಕೇಕು ಮಾತ್ರ ನಾಲ್ಕೈದು ದಿನ ಮೊದಲೇ ಬೆಂದು, ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಕುಳಿತಿದ್ದರೆ ಹಣ್ಣಿನ ರಸ ಹಿಟ್ಟಿಗೆಲ್ಲ ಇಳಿದು ರುಚಿ ಕೂಡುತ್ತದೆ, ಕತ್ತರಿಸುವಾಗ ಪುಡಿಯೂ ಆಗುವುದಿಲ್ಲ.

ರಮ್ ಬಳಸದವರು ನವೆಂಬರಿನಲ್ಲಿ ನೆನೆಹಾಕಲೇಬಾರದು. ಮದ್ಯದಲ್ಲಿ ಹಣ್ಣು ಕೆಡದೆ ವಾರಗಟ್ಟಲೆ ಉಳಿಯುತ್ತದೆ, ಹಣ್ಣಿನ ರಸದಲ್ಲಿ ಇಟ್ಟರೆ ಹೊರಗಡೆ ಹುಳಿ ಬರುತ್ತದೆ ಅಥವಾ ಬೂಷ್ಟು ಹಿಡಿಯುತ್ತದೆ. ವಿಜಯಪುರದ ಕಡೆಯ ಒಣದ್ರಾಕ್ಷಿ, ಕಪ್ಪು ಮನೂಕ, ಖರ್ಜೂರ, ಕಿತ್ತಳೆ ಸಿಪ್ಪೆಯ ಮುರಬ್ಬ, ಟೂಟಿ ಫ್ರೂಟಿ ಎಲ್ಲ ಸೇರಿ ಅರ್ಧ ಕಿಲೋ ತೆಗೆದುಕೊಂಡು, ಕಿತ್ತಳೆ ರಸದಲ್ಲಿ ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿ ಒಂದೆರಡು ರಾತ್ರಿ ಇಟ್ಟರೆ ಅಷ್ಟೇ ರಸಭರಿತವಾಗುತ್ತದೆ. ಹಿಟ್ಟಿಗೆ ಸೇರಿಸುವ ಮೊದಲು ಸೋಸಿ, ಒಣ ಮೈದಾದಲ್ಲಿ ಹೊರಳಿಸಿರಿ, ಇಲ್ಲವಾದರೆ ಹಣ್ಣೆಲ್ಲ ತಳ ಸೇರುತ್ತದೆ.

ಅಳತೆ ನೆನಪಿಡುವುದು ಸುಲಭ: ಮೈದಾ, ಬೆಣ್ಣೆ, ಪುಡಿ ಸಕ್ಕರೆ ತಲಾ 250 ಗ್ರಾಂ, ಮೊಟ್ಟೆ 5, ಬೇಕಿಂಗ್ ಪೌಡರ್ ಒಂದು ಚಹಾ ಚಮಚ, ದಾಲ್ಚಿನ್ನಿ, ಲವಂಗ, ಜಾಯಿಕಾಯಿಯ ಪುಡಿ ಸೇರಿ ಅರ್ಧ ಚಮಚ. ಬಣ್ಣಕ್ಕೆ 100 ಗ್ರಾಂ ಸಕ್ಕರೆಯನ್ನು ನೀರಿಲ್ಲದೆ ಕರಗಿಸಿ, ಗಾಢ ಕಂದು ಬಣ್ಣಕ್ಕೆ ಬಂದೊಡನೆ ಒಲೆಯಿಂದ ಇಳಿಸಿ, ಅರ್ಧ ಬಟ್ಟಲು ಬಿಸಿ ನೀರನ್ನು ದೂರದಿಂದ ಸ್ವಲ್ಪ ಸ್ವಲ್ಪವಾಗಿ ಹಾಕಿರಿ. ಅದು ಜೋರಾಗಿ ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಡಿಸೆಂಬರಿನ ಚಳಿಯಲ್ಲಿ ಬೆಣ್ಣೆ ಕಲ್ಲಿನಂತೆ ಇರುತ್ತದೆ, ಮೊಟ್ಟೆಯೂ ತಣ್ಣಗಿರುತ್ತದೆ. ಬೆಳಿಗ್ಗೆಯೇ ಎರಡನ್ನೂ ಫ್ರಿಜ್ಜಿನಿಂದ ಹೊರಗಿಡಿರಿ. ತಣ್ಣನೆಯ ಮೊಟ್ಟೆ ಬೆಣ್ಣೆಗೆ ಬಿದ್ದರೆ ಮಿಶ್ರಣ ಒಡೆದಂತಾಗುತ್ತದೆ.

ಬೇಕರಿಯೋ ಕುಕ್ಕರೋ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಕರಿ, ಅದರಲ್ಲಿಯೂ ಕಟ್ಟಿಗೆಯ ಭಟ್ಟಿ ಇರುವ ಬೇಕರಿ. ಬ್ರೆಡ್ಡು, ಬನ್ನುಗಳ ಸರದಿ ಮುಗಿದ ಮೇಲೆ ಭಟ್ಟಿಯ ಬಿಸಿ ನಿಧಾನವಾಗಿ ಇಳಿಯುತ್ತಿರುತ್ತದೆ. ಹಣ್ಣಿನ ಕೇಕಿಗೆ ಬೇಕಾದದ್ದು ಅಂಥದೇ ಸೌಮ್ಯವಾದ, ದೀರ್ಘವಾದ ಕಾವು. ಮನೆಯ ಓವನ್ನಿನಲ್ಲಾದರೆ 150 ಡಿಗ್ರಿಯಲ್ಲಿ ಈ ಅಳತೆಯ ಕೇಕಿಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಆದರೆ ಹಬ್ಬದ ವಾರ ಬೇಕರಿಯಲ್ಲಿ ನೂಕುನುಗ್ಗಲು ಇರುವುದರಿಂದ ಮೊದಲೇ ಹೋಗಿ ಸಮಯ ಕೇಳಿಟ್ಟುಕೊಳ್ಳಿರಿ. ಬೇಕಿಂಗ್ ಪೌಡರ್ ಒದ್ದೆಯಾದ ಕ್ಷಣದಿಂದ ಕೆಲಸ ಆರಂಭಿಸುತ್ತದೆ, ಕಲಸಿದ ಹಿಟ್ಟು ಸಾಲಿನಲ್ಲಿ ಕಾಯುತ್ತ ಕೂತರೆ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಬೆಣ್ಣೆ, ಸಕ್ಕರೆ, ಮೊಟ್ಟೆಯ ಮಿಶ್ರಣವನ್ನು ಒಂದು ಪಾತ್ರೆಯಲ್ಲಿ, ಜರಡಿ ಹಿಡಿದ ಮೈದಾ ಮತ್ತು ಪೌಡರನ್ನು ಇನ್ನೊಂದರಲ್ಲಿ ಒಯ್ದು, ನಿಮ್ಮ ಸರದಿ ಬಂದಾಗ ಅಲ್ಲಿಯೇ ಕೂಡಿಸಿರಿ. ತಗಡಿನ ಡಬ್ಬಿಯ ಒಳಗೆ ಎರಡು ಪದರ ಕಾಗದ ಹಾಸಿ, ಹೊರಗೆ ಹೆಸರು ಬರೆದಿಡಿರಿ.

ಕುಕ್ಕರಿನಲ್ಲಿ ಮಾಡುವುದಾದರೆ ಅರ್ಧ ಅಳತೆಯನ್ನಷ್ಟೇ ಮಾಡಿರಿ. ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆಯಬೇಕು, ನೀರು ಹಾಕಬಾರದು. ತಳಕ್ಕೆ ಒಂದು ಇಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಡಬ್ಬಿ ಕುಕ್ಕರಿನ ಮೈಗೆ ತಾಗದಂತೆ ಇಳಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆಯಷ್ಟು ಬೇಯಿಸಬೇಕು. ನೆರೆಮನೆಗೆ ಕಳಿಸುವ ಮೊಟ್ಟೆಯಿಲ್ಲದ ಕೇಕಿಗೆ ಈ ಕ್ರಮ ಬಹಳ ಚೆನ್ನಾಗಿ ಒಗ್ಗುತ್ತದೆ: ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಗಟ್ಟಿ ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ. ಮೊಸರಿನ ಹುಳಿ ಸೋಡಾದೊಂದಿಗೆ ಕೂಡಿದಾಗಲೇ ನೊರೆ ಏಳುವುದರಿಂದ ಕಲಸಿದ ಕೂಡಲೇ ಒಲೆಗೆ ಏರಿಸಬೇಕು.

ಹಾವೇರಿ_ನೆರೆಮನೆ

ನಾನು ಲಿಂಗಾಯತರ ಮನೆಯವಳು. ನಮ್ಮ ಪಕ್ಕದ ಮನೆಯ ಕ್ರೈಸ್ತ ಕುಟುಂಬದಿಂದ ಪ್ರತಿ ವರ್ಷ ತಾಟು ಬರುತ್ತದೆ, ಆದ್ದರಿಂದ ತೆಗೆದುಕೊಳ್ಳುವವರ ಕಡೆಯಿಂದ ಎರಡು ಮಾತು. ಮೊಟ್ಟೆ ಇರುವುದು ಮತ್ತು ಇಲ್ಲದಿರುವುದನ್ನು ಒಂದೇ ತಾಟಿನಲ್ಲಿ ಇಡಬೇಡಿರಿ, ಕೊಡುವಾಗ ಬಾಯಿಬಿಟ್ಟು ಹೇಳಿರಿ. ಹೇಳಿದರೆ ನಮಗೆ ನಿಶ್ಚಿಂತೆ, ಕೇಳುವ ಮುಜುಗರವೂ ಇರುವುದಿಲ್ಲ. ಜೈನರ ಮನೆಗೆ ಹೋಗುವ ಕೇಕಿನಲ್ಲಿ ಶುಂಠಿಯ ಮುರಬ್ಬ ಮತ್ತು ಜೇನುತುಪ್ಪ ಬೇಡ, ನಿಷ್ಠೆಯಿಂದ ನಡೆಯುವವರು ಅವೆರಡನ್ನೂ ಬಿಡುತ್ತಾರೆ. ಹೊರಗಿನ ಅಡುಗೆಯನ್ನೇ ತಿನ್ನದ ಹಿರಿಯರಿರುವ ಮನೆಗೆ ಬಾಳೆಹಣ್ಣು, ಕಿತ್ತಳೆ, ಒಣದ್ರಾಕ್ಷಿ, ಗೋಡಂಬಿ ಕಳಿಸಿದರೆ ಅದೂ ಹಬ್ಬದ ತಾಟೇ. ನಮ್ಮ ಮನೆಯಲ್ಲಿ ಆ ತಾಟನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಸಂಕ್ರಾಂತಿಯ ಕುಸುರೆಳ್ಳು ತುಂಬಿಸಿಯೇ ಕಳಿಸುತ್ತೇವೆ.

ಕೇಶ್ವಾಪುರ_ಗೃಹಿಣಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ಮೋಟಾರಿನ ಮಾತಿಗೆ ಅವರು ತಕ್ಷಣ ಒಪ್ಪಿಕೊಂಡರು, ರಿಪೇರಿಯವರನ್ನು ಕರೆಸುತ್ತಿದ್ದೇವೆ. ಶುಂಠಿಯ ವಿಷಯ ನಮಗೆ ಗೊತ್ತಿರಲಿಲ್ಲ, ತಿಳಿಸಿದ್ದು ಬಹಳ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ ಧಾರವಾಡದ ಸೋದರಿಯವರಿಗೆ. ಅತ್ತೆಯವರು ಚಿಕ್ಕಂದಿನಲ್ಲಿ ಕಸೂತಿ ಕಲಿತಿದ್ದರಂತೆ, ಈಗ ಮತ್ತೆ ಹಿಡಿಯಬೇಕೆಂಬ ಉತ್ಸಾಹ ಬಂದಿದೆ. ಬೆತ್ಲೆಹೇಮಿನ ನಕ್ಷತ್ರವನ್ನು ಐದು ಮೂಲೆಯದಾಗಿ ಹಾಕಲು ಆಗುತ್ತದೆಯೇ? ಯಾವ ಹೊಲಿಗೆ ಸೂಕ್ತ? ಅವರ ಕಣ್ಣಿಗೂ ಶ್ರಮವಾಗಬಾರದು.

ಧಾರವಾಡ_ಹೊಲಿಗೆ

ಐದು ಮೂಲೆ ಬೇಡ, ಎಂಟು ಮೂಲೆಯ ನಕ್ಷತ್ರ ಹಾಕಿಸಿರಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚುವುದು. ಹಾಗೆ ಎಣಿಸಿದಾಗ ಅಡ್ಡ, ಉದ್ದ ಮತ್ತು ಕರ್ಣದ ಗೆರೆಗಳು ಸರಿಯಾಗಿ ಬರುತ್ತವೆ. ಐದು ಮೂಲೆಯ ಕೋನಗಳು ಆ ಎಣಿಕೆಗೆ ಒಗ್ಗುವುದಿಲ್ಲ. ಗೋಪುರ, ತೇರು, ಆನೆ ಅಂಬಾರಿಯ ವಿನ್ಯಾಸಗಳೆಲ್ಲ ಈ ಲೆಕ್ಕದಲ್ಲೇ ಹುಟ್ಟಿದವು.

ಹೊರರೇಖೆಗೆ ಗಾವಂತಿ ಹೊಲಿಗೆ ಹಾಕಲಿ. ಒಂದು ಸಲ ಎಳೆ ಬಿಟ್ಟು ಬಿಟ್ಟು ಮುಂದೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತ ಖಾಲಿ ಜಾಗ ತುಂಬುವುದರಿಂದ ಎರಡೂ ಕಡೆ ಒಂದೇ ರೀತಿ ಕಾಣುತ್ತದೆ, ಗಂಟು ಎಲ್ಲಿಯೂ ಇರುವುದಿಲ್ಲ. ಮೇಜಿನ ಹಾಸಿನ ಅಂಚು ಮಗುಚಿದರೂ ಅಂದ ಕೆಡುವುದಿಲ್ಲ. ಮಧ್ಯಭಾಗ ತುಂಬಬೇಕೆನಿಸಿದರೆ ಗುಣಾಕಾರದ ಗುರುತಿನಂತೆ ಕಾಣುವ ಮೆಂತಿ ಹೊಲಿಗೆ ಹಾಕಬಹುದು, ಅದು ಬೇಗ ಆಗುತ್ತದೆ, ಆದರೆ ಹಿಂಬದಿ ಗಾವಂತಿಯಷ್ಟು ಚೊಕ್ಕಟವಾಗಿರುವುದಿಲ್ಲ.

ಕಣ್ಣಿನ ಶ್ರಮ ತಪ್ಪಿಸಲು ಎಳೆ ಸ್ಪಷ್ಟವಾಗಿ ಕಾಣುವ ದಪ್ಪ ಕೈಮಗ್ಗದ ಬಟ್ಟೆಯನ್ನೇ ಆರಿಸಿರಿ. ನಯವಾದ ಬಟ್ಟೆಯೇ ಬೇಕೆಂದಾದರೆ ಅದರ ಮೇಲೆ ಬಲೆಯಂತಹ ಕ್ಯಾನ್ವಾಸ್ ತುಂಡನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿ, ಅದರ ಚೌಕಗಳನ್ನು ಎಣಿಸುತ್ತ ಕಸೂತಿ ಹಾಕಿ, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಲಿ. ಬೆಳಗಿನ ಬೆಳಕಿನಲ್ಲಿ ಮಾತ್ರ ಕೂರಲಿ, ಸಂಜೆ ದೀಪದಲ್ಲಿ ಎಣಿಕೆ ತಪ್ಪುತ್ತದೆ. ಮೇಜಿನ ಬಿಳಿ ಹಾಸಿನ ಮೇಲೆ ಹಾಕಲು ಕೆಂಪು ಮತ್ತು ಹಸಿರು ದಾರ ತರುವಾಗ ಬಣ್ಣ ಬಿಡದ್ದನ್ನು ಕೇಳಿ ತನ್ನಿರಿ. ನಾಲ್ಕು ಮೂಲೆಗೂ ಒಂದೇ ಸಲಕ್ಕೆ ಸಾಕಾಗುವಷ್ಟು ಲಡಿಗಳನ್ನು ಕೊಂಡುಬಿಡಿರಿ, ಮತ್ತೆ ತಂದ ದಾರದ ಬಣ್ಣ ಮೊದಲಿನದಕ್ಕೆ ಸರಿಹೊಂದದೆ ಇರಬಹುದು.